ಎರಡು ಕಾರು ಕೊಟ್ಟು ಒಂದು ಎಸ್‌ಯುವಿ: ಮೊದಲು ಹಿಂದಿನ ಸೀಟಿನ ನಡುವೆ ಕೂತು ನೋಡಿ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮಲ್ಲಿ ಎರಡು ಕಾರುಗಳಿವೆ. ಒಂದು 13 ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾನು ಓಡಿಸುವುದು. ಇನ್ನೊಂದು 10 ವರ್ಷದ ಡೀಸೆಲ್ ಸೆಡಾನ್, ಯಜಮಾನರದು. ಈಗೀಗ ಎರಡಕ್ಕೂ ಒಂದಲ್ಲ ಒಂದು ರಿಪೇರಿ. ಎರಡನ್ನೂ ಕೊಟ್ಟು ಒಂದು ಒಳ್ಳೆಯ ಎಸ್‌ಯುವಿ ತರೋಣ ಎಂದು ಅವರು ಹೇಳುತ್ತಿದ್ದಾರೆ. ಮನೆಯಲ್ಲಿ ನಾವಿಬ್ಬರು, 9 ವರ್ಷದ ಮಗಳು, 2 ವರ್ಷದ ಮಗ, ಮಂಡಿನೋವಿರುವ ಅತ್ತೆ. ತಿಂಗಳಿಗೊಮ್ಮೆ ನಾದಿನಿ ಮತ್ತು ಅವರ ಮಗ ಸೇರಿದರೆ ಏಳು ಜನ. ಯಜಮಾನರ ಆಫೀಸು 11 ಕಿ.ಮೀ., ನನ್ನದು 6 ಕಿ.ಮೀ. ದೂರ ಪ್ರಯಾಣ ವರ್ಷಕ್ಕೆ ಮೂರೋ ನಾಲ್ಕೋ. ಅವರಿಗೆ ಏಳು ಸೀಟಿನ ಡೀಸೆಲ್ ಬೇಕು. ನನಗೆ ಅಷ್ಟು ದೊಡ್ಡ ಗಾಡಿ ಓಡಿಸಲು ಭಯ. ಅತ್ತೆಯವರು ‘ನನಗೆ ಹತ್ತೋಕೆ ಆದರೆ ಸಾಕು’ ಅನ್ನುತ್ತಾರೆ. ಏನು ನೋಡಿ ಆರಿಸಬೇಕು?
— ಹೆಸರು ಬೇಡ ಎಂದಿರುವ ಓದುಗರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವರ ಮಾತಿನಲ್ಲಿ ನನಗೆ ಹೆಚ್ಚು ತೂಕದ್ದು ಅನ್ನಿಸಿದ್ದು ನಿಮ್ಮ ಅತ್ತೆಯವರ ಮಾತು. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಎರಡು ಕಾರಿನ ಜಾಗದಲ್ಲಿ ಒಂದು ಸಾಕೇ ಎಂಬುದನ್ನು ನೋಡೋಣ. ಅದು ತೀರ್ಮಾನವಾಗದೆ ಷೋರೂಮಿಗೆ ಹೋಗಬೇಡಿ.

ಎರಡು ಕಾರು ಇದ್ದಾಗ ಮನೆಯವರು ಒಂದೇ ಹೊತ್ತಿಗೆ ಎರಡು ಕಡೆ ಇರಬಹುದು. ದೊಡ್ಡ ಕಾರಿನಲ್ಲಿ ಸೀಟು ಎಷ್ಟೇ ಇದ್ದರೂ ಈ ಅನುಕೂಲ ಸಿಗುವುದಿಲ್ಲ. ಇಪ್ಪತ್ತನಾಲ್ಕು ವರ್ಷ ನಾನು ಸರ್ವಿಸ್ ಸೆಂಟರಿನ ಮುಂದಿನ ಮೇಜಿನಲ್ಲಿ ಕೂತು ಜಾಬ್ ಕಾರ್ಡ್ ಬರೆದವಳು. ಎರಡು ಕೊಟ್ಟು ಒಂದು ತಂದ ಎಷ್ಟೋ ಮನೆಗಳು ಒಂದು ವರ್ಷದೊಳಗೆ ಮತ್ತೊಂದು ಹಳೆಯ ಚಿಕ್ಕ ಕಾರು ತಂದದ್ದನ್ನು ನೋಡಿದ್ದೇನೆ. ಆದ್ದರಿಂದ ಒಂದು ಪರೀಕ್ಷೆ ಮಾಡಿ. ನಾಳೆಯಿಂದ ನಾಲ್ಕು ವಾರ ಒಂದು ಕಾರಿನ ಕೀಲಿಕೈ ಬೀರುವಿನಲ್ಲಿಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಕಾರು ಬೇಕಾಗಿ ಸಿಗದೇ ಹೋದ ಹೊತ್ತನ್ನೆಲ್ಲ ಕೆಂಪು ಪೆನ್ನಿನಲ್ಲಿ ಬರೆಯಿರಿ: ದಿನ, ಗಂಟೆ, ಯಾರಿಗೆ, ಏನು ಮಾಡಿದಿರಿ. ನಿಂತ ಕಾರನ್ನು ಮಾತ್ರ ಎರಡು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸಿ, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಪ್ರಯೋಜನವಿಲ್ಲ. ಸ್ಟಾರ್ಟರ್ ಎಳೆದಷ್ಟು ಚಾರ್ಜೂ ಬ್ಯಾಟರಿಗೆ ಮರಳುವುದಿಲ್ಲ.

ತಿಂಗಳ ಕೊನೆಗೆ ಕೆಂಪು ಗುರುತು ನಾಲ್ಕೈದು ಮಾತ್ರ ಇದ್ದು, ಅವನ್ನು ಆಟೊ, ಟ್ಯಾಕ್ಸಿ, ಬಸ್ಸಿನಲ್ಲಿ ಹೇಗೋ ಕಳೆದಿದ್ದರೆ, ಒಂದು ಕಾರು ಸಾಕು. ವಾರಕ್ಕೆ ಮೂರು ನಾಲ್ಕು ಸಲ ಮನೆಯಲ್ಲಿ ಮಾತಿಗೆ ಮಾತು ಬೆಳೆದಿದ್ದರೆ ಯೋಜನೆ ಬದಲಿಸಿ: ಸೆಡಾನ್ ಒಂದನ್ನೇ ಕೊಟ್ಟು ಅದರ ಜಾಗಕ್ಕೆ ಎಸ್‌ಯುವಿ ತನ್ನಿ, ಹ್ಯಾಚ್‌ಬ್ಯಾಕ್ ಇರಲಿ. ಅದು ಗಟ್ಟಿಯಾಗಿದ್ದರೆ, ಮುಖ್ಯವಾಗಿ ತಳದಲ್ಲಿ ತುಕ್ಕು ಇಲ್ಲದಿದ್ದರೆ, ಇನ್ನೆರಡು ವರ್ಷ 6 ಕಿ.ಮೀ. ಓಡಾಟಕ್ಕೆ ಸಾಕು. ಎರಡನ್ನೂ ಒಂದೇ ದಿನ ಕೊಡಲೇಬೇಕು ಎಂದೇನೂ ಇಲ್ಲ. ಹಳೆಯ ಗಾಡಿಗಳನ್ನು ತೆಗೆದುಕೊಳ್ಳುವವರು ಹಾಗೆ ಅವಸರ ಮಾಡುತ್ತಾರೆ, ನೀವು ಮಾಡಬೇಡಿ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಏಳು ವರ್ಷದ ಹಿಂದೆ ನಾವೂ ಹೀಗೆಯೇ ಎರಡು ಕೊಟ್ಟು ಒಂದು ತಂದೆವು. ನಾನೇ ಈ ವೃತ್ತಿಯವಳು, ಎಂಜಿನ್, ಗೇರ್‌ಬಾಕ್ಸ್, ಸರ್ವಿಸ್ ಅವಧಿ ಎಲ್ಲವನ್ನೂ ತೂಗಿ ನೋಡಿದ್ದೆ. ನನ್ನ ಅಮ್ಮನನ್ನು ಮಾತ್ರ ಷೋರೂಮಿಗೆ ಕರೆದುಕೊಂಡು ಹೋಗಿರಲಿಲ್ಲ. ಲ್ಯಾಡರ್ ಫ್ರೇಮಿನ, ಅಂದರೆ ಏಣಿಯಂಥ ಚಾಸಿಯ ಮೇಲೆ ಬಾಡಿ ಕೂರಿಸಿದ, ಎತ್ತರದ ಗಾಡಿ. ಅಮ್ಮ ಒಂದು ಕಾಲಿಟ್ಟು, ಮೇಲಿನ ಹಿಡಿ ಹಿಡಿದು, ಇನ್ನೊಂದು ಕಾಲು ಎತ್ತುವಾಗ ಮುಖ ಕಿವುಚುತ್ತಿದ್ದರು. ಸೈಡ್ ಸ್ಟೆಪ್ ಹಾಕಿಸಿದೆ. ಅದು ಕಿರಿದಾಗಿತ್ತು. ಇಳಿಯುವಾಗ ಮೊಳಕಾಲಿನ ಮುಂದಿನ ಮೂಳೆಗೆ ಎರಡು ಸಲ ಪೆಟ್ಟು ಬಿತ್ತು. ಆಮೇಲಾಮೇಲೆ ‘ನೀವು ಹೋಗಿ ಬನ್ನಮ್ಮ, ನನಗೆ ಯಾಕೋ ಸುಸ್ತು’ ಎನ್ನತೊಡಗಿದರು. ಅದು ಸುಸ್ತಲ್ಲ, ಕಾರು ಹತ್ತುವ ಭಯ ಎಂದು ನನಗೆ ತಿಳಿಯಲು ಎಂಟು ತಿಂಗಳು ಬೇಕಾಯಿತು. ಮನೆಮಂದಿಯೆಲ್ಲ ಒಟ್ಟಿಗೆ ಹೋಗಲಿ ಎಂದು ತಂದ ಗಾಡಿಯಿಂದಲೇ ಅಮ್ಮ ಮನೆಯಲ್ಲಿ ಉಳಿದರು. ಆ ಗಾಡಿಯನ್ನು ಕೊಟ್ಟೆವು. ಅಂದಿನಿಂದ ಕಾರು ಕೇಳಿ ಬಂದವರಿಗೆಲ್ಲ ನಾನು ಹೇಳುವುದು ಒಂದೇ: ಯಾರಿಗೆ ಅತಿ ಕಷ್ಟದ ಜಾಗವೋ ಅವರು ಕಾರು ಆರಿಸಲಿ.

ನಿಮ್ಮ ಮನೆಯಲ್ಲಿ ಅಂಥವರು ಇಬ್ಬರು. ಒಬ್ಬರು ಅತ್ತೆ. ಇನ್ನೊಬ್ಬರು ಯಾರೆಂದು ನಿಮ್ಮ ಪತ್ರದಲ್ಲಿ ಇಲ್ಲ, ನಾನು ಹೇಳುತ್ತೇನೆ.

ಮೊದಲು ಅತ್ತೆಯವರದು. ಅವರು ಕಾರಿನ ಸೀಟಿಗೆ ಬೆನ್ನು ಮಾಡಿ ನಿಲ್ಲಲಿ. ಸೀಟಿನ ಅಂಚು ಮಂಡಿಗಿಂತ ಸ್ವಲ್ಪ ಮೇಲೆ, ಸೊಂಟಕ್ಕಿಂತ ಚೆನ್ನಾಗಿ ಕೆಳಗೆ ಇರಬೇಕು. ಆಗ ಅವರು ಹತ್ತಬೇಕಾಗಿಲ್ಲ, ಹಿಂದಕ್ಕೆ ಸರಿದು ಕೂತು ಕಾಲುಗಳನ್ನು ಒಳಗೆ ತಿರುಗಿಸಿಕೊಂಡರೆ ಆಯಿತು. ಸೆಡಾನಿನಲ್ಲಿ ಸೀಟು ತೀರಾ ಕೆಳಗಿರುವುದರಿಂದ ಏಳುವಾಗ ಮಂಡಿಯ ಮೇಲೆ ಭಾರ ಬೀಳುತ್ತದೆ. ಎತ್ತರದ ಲ್ಯಾಡರ್ ಫ್ರೇಮ್ ಗಾಡಿಯಲ್ಲಿ ಏರುವಾಗ ಬೀಳುತ್ತದೆ. ನಡುವಿನ ಎತ್ತರ ಸಿಗುವುದು ಮಾನೊಕಾಕ್ ಎಸ್‌ಯುವಿಗಳಲ್ಲಿ, ಅಂದರೆ ಕಾರಿನಂತೆ ಬಾಡಿಯೇ ಚಾಸಿಯೂ ಆಗಿರುವ ಗಾಡಿಗಳಲ್ಲಿ. 1984ರ ಜೀಪ್ ಚೆರೋಕಿ ಇದೇ ರೀತಿ ಕಟ್ಟಿದ್ದು. 1994ರಲ್ಲಿ ಬಂದ ಟೊಯೊಟಾ ರಾವ್4 ಕಾರಿನ ತಳಹದಿಯ ಮೇಲೆಯೇ ನಿಂತ ಗಾಡಿ. ಈಗ ಕುಟುಂಬದ ಎಸ್‌ಯುವಿ ಎಂದು ಮಾರುವವುಗಳಲ್ಲಿ ಹೆಚ್ಚಿನವು ಇದೇ ಜಾತಿ. ಕಲ್ಲು ಮುಳ್ಳಿನ ದಾರಿಯಲ್ಲಿ ಓಡುವ ಅಗತ್ಯ, ಭಾರದ ಟ್ರೇಲರ್ ಎಳೆಯುವ ಅಗತ್ಯ ನಿಮಗಿಲ್ಲ, ಹಾಗಾಗಿ ಲ್ಯಾಡರ್ ಫ್ರೇಮ್ ಮರೆತುಬಿಡಿ. ಸೀಟಿನ ಎತ್ತರದ ಜೊತೆಗೆ ಬಾಗಿಲ ಕೆಳಗಿನ ಹೊಸ್ತಿಲ ಅಗಲವನ್ನೂ ನೋಡಿ. ಹೊಸ್ತಿಲು ಅಗಲವಾಗಿದ್ದರೆ ಇಳಿಯುವಾಗ ಕಾಲು ಅಷ್ಟು ದೂರ ಚಾಚಬೇಕು. ಇದೆಲ್ಲ ಯಾವ ಕರಪತ್ರದಲ್ಲೂ ಇರುವುದಿಲ್ಲ. ಅತ್ತೆಯವರು ಮೂರು ಸಲ ಹತ್ತಿ ಮೂರು ಸಲ ಇಳಿಯಬೇಕು. ಮೊದಲ ಸಲ ಎಲ್ಲರೂ ‘ಪರವಾಗಿಲ್ಲ’ ಅನ್ನುತ್ತಾರೆ. ಮೂರನೆಯ ಸಲ ಅವರ ಮುಖ ನೋಡಿ.

ಅವರು ಕೂರಬೇಕಾದದ್ದು ಮುಂದೆ, ಡ್ರೈವರ್ ಪಕ್ಕ. ಹಿಂದಿನ ಸೀಟಿನಲ್ಲಿ ಸರಿದು ಸರಿದು ಹೋಗುವುದು ಮಂಡಿನೋವಿನವರಿಗೆ ಆಗದ ಕೆಲಸ. ಹಾಗಾದರೆ ಹಿಂದೆ ಯಾರು? ಒಂದು ಕಿಟಕಿಗೆ ಮಗನ ಸೀಟು, ಇನ್ನೊಂದು ಕಿಟಕಿಗೆ ಮಗಳು. ನಡುವೆ ನೀವೋ ನಿಮ್ಮ ಯಜಮಾನರೋ. ಐದೂ ಜನ ಹೊರಟ ಪ್ರತಿ ಸಲವೂ ಇದೇ ಕೂರುವ ಕ್ರಮ. ಕಷ್ಟದ ಜಾಗದ ಎರಡನೆಯವರು ಇವರೇ, ನಡುವೆ ಕೂರುವವರು.

ಅದರಲ್ಲೂ ಮಗಳ ವಿಷಯ ಒಂದಿದೆ. 9 ವರ್ಷ ಆಯಿತು, ಇನ್ನು ದೊಡ್ಡವರ ಹಾಗೆ ಕೂರಬಹುದು ಎಂದು ನೀವು ಅಂದುಕೊಂಡಿರಬಹುದು. ಸೀಟ್ ಬೆಲ್ಟ್ ತಯಾರಾಗಿರುವುದು ದೊಡ್ಡವರ ಮೈಕಟ್ಟಿಗೆ. ಮಗು 145ರಿಂದ 150 ಸೆಂ.ಮೀ. ಎತ್ತರ ಬರುವವರೆಗೆ ಬೆಲ್ಟಿನ ಮೇಲಿನ ಪಟ್ಟಿ ಭುಜದ ಬದಲು ಕುತ್ತಿಗೆಗೆ ತಾಗುತ್ತದೆ, ಕೆಳಗಿನ ಪಟ್ಟಿ ಸೊಂಟದ ಮೂಳೆಯ ಬದಲು ಮೆತ್ತನೆಯ ಹೊಟ್ಟೆಯ ಮೇಲೆ ಕೂರುತ್ತದೆ. ಡಿಕ್ಕಿಯಾದಾಗ ಒಳಗಿನ ಅಂಗಾಂಗಗಳಿಗೆ ಪೆಟ್ಟಾಗುವುದು ಹೀಗೆ. ಆದ್ದರಿಂದ ಮಗಳಿಗೂ ಬೂಸ್ಟರ್ ಸೀಟು, ಅಂದರೆ ಬೆಲ್ಟ್ ಸರಿಯಾದ ಜಾಗದಲ್ಲಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು, ಬೇಕು. ಮಗನಿಗೆ ಐಸೊಫಿಕ್ಸ್ ಕೊಂಡಿಗೆ (ಮಕ್ಕಳ ಸೀಟು ಸಿಕ್ಕಿಸಲೆಂದೇ ಕಾರಿನ ಸೀಟಿನಲ್ಲಿರುವ ಲೋಹದ ಕೊಂಡಿ) ಕಚ್ಚುವ ಸೀಟು ಬೇಕು, ಸಾಧ್ಯವಿದ್ದಷ್ಟು ದಿನ ಹಿಂದಕ್ಕೆ ಮುಖ ಮಾಡಿ ಕೂರಿಸುವಂಥದ್ದು. ಪುಟ್ಟ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆ ಎಳೆಯದು. ಹಿಂದಕ್ಕೆ ಮುಖ ಮಾಡಿದ್ದರೆ ಎದುರಿನಿಂದ ಗುದ್ದಿದ ರಭಸವನ್ನು ಬೆನ್ನು ಪೂರ್ತಿಯಾಗಿ ಹಂಚಿಕೊಳ್ಳುತ್ತದೆ. ಆ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ.

ಮಕ್ಕಳ ಸೀಟು ಒಂದೊಂದೂ ಸುಮಾರು 44 ಸೆಂ.ಮೀ. ಅಗಲ. ಎರಡು ಹೋದ ಮೇಲೆ ನಡುವೆ ಉಳಿಯುವುದೇ ದೊಡ್ಡವರ ಜಾಗ. ಟೇಪು ಹಿಡಿದು ಹಿಂದಿನ ಸೀಟಿನ ಅಗಲವನ್ನು ಬಾಗಿಲಿಂದ ಬಾಗಿಲಿಗೆ ಅಳೆಯಿರಿ. ಭುಜದ ಮಟ್ಟದಲ್ಲಿ ಬೇಡ, ಕೂರುವ ಮಟ್ಟದಲ್ಲಿ. 130 ಸೆಂ.ಮೀ. ಬಂದರೆ ನಡುವಿನವರಿಗೆ 42 ಉಳಿಯಿತು, 140 ಬಂದರೆ 52. ಆ 10 ಸೆಂ.ಮೀ. ಮೂರು ಗಂಟೆಯ ದಾರಿಯಲ್ಲಿ ಎಷ್ಟು ದೊಡ್ಡದು ಎಂದು ಕೂತವರಿಗೇ ಗೊತ್ತು. ಬೆಲ್ಟಿನ ಬಕಲಿಗೆ ಬೆರಳು ಹೋಗುತ್ತದೆಯೇ, ನಡುವಿನ ಸೀಟಿಗೆ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ ಅಥವಾ ಸೊಂಟಕ್ಕೆ ಮಾತ್ರವೇ, ಹೆಡ್‌ರೆಸ್ಟ್ ಇದೆಯೇ, ಅದು ತಲೆಯ ಹಿಂಭಾಗದವರೆಗೆ ಏರುತ್ತದೆಯೇ, ಇವನ್ನೆಲ್ಲ ಕೂತೇ ನೋಡಬೇಕು. ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ ಮೂರು ಕಡೆ ಹಿಡಿಯುವ ಬೆಲ್ಟನ್ನು ರೂಪಿಸಿದ್ದು 1959ರಲ್ಲಿ. ಕಂಪನಿ ಆ ಪೇಟೆಂಟನ್ನು ಬೇರೆಯವರೂ ಬಳಸಲು ಬಿಟ್ಟುಕೊಟ್ಟಿತು. ಅಷ್ಟು ಹಳೆಯದಾದ, ಅಷ್ಟು ಧಾರಾಳವಾಗಿ ಸಿಕ್ಕ ವಸ್ತು ನಡುವೆ ಕೂತವರಿಗೆ ಇಲ್ಲದಿದ್ದರೆ ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ. ಅದರ ಟಚ್ ಸ್ಕ್ರೀನ್ ಪರದೆ ಎಷ್ಟೇ ದೊಡ್ಡದಿರಲಿ.

ಇನ್ನು ಏಳು ಸೀಟು. ನಿಮ್ಮ ಯಜಮಾನರ ಆಸೆಯಲ್ಲಿ ತಪ್ಪಿಲ್ಲ, ತಂಗಿಯನ್ನೂ ಅವಳ ಮಗನನ್ನೂ ಬಿಟ್ಟು ಹೋಗಲು ಯಾರಿಗೂ ಮನಸ್ಸು ಬರದು. ಮೂರನೇ ಸಾಲಿಗೆ ಹೋಗುವುದು ಹೇಗೆ ಎಂಬುದನ್ನು ಮಾತ್ರ ಗಮನಿಸಿ. ಬಹಳಷ್ಟು ಗಾಡಿಗಳಲ್ಲಿ ಎರಡನೇ ಸಾಲಿನ ಸೀಟನ್ನು ಮಡಚಿ ಮುಂದಕ್ಕೆ ದೂಡಿ ಹೋಗಬೇಕು. ಅಲ್ಲಿ ಮಗನ ಸೀಟು ಕೊಂಡಿಗೆ ಕಚ್ಚಿ ಕೂತಿದ್ದರೆ ಆ ಕಡೆಯದು ಮಡಚುವುದಿಲ್ಲ. ಮಗಳ ಬೂಸ್ಟರ್ ತೆಗೆದು ಈ ಕಡೆಯಿಂದ ಹೋಗಬೇಕು, ಅದೂ ರಸ್ತೆಯ ಕಡೆಯ ಬಾಗಿಲಾಗಿರಬಾರದು. ಮಗನ ಸೀಟು ಇಟ್ಟುಕೊಂಡೇ ಮುಂದಕ್ಕೆ ಜರುಗುವ ಎರಡನೇ ಸಾಲು ಕೆಲವು ಮಾದರಿಗಳಲ್ಲಿದೆ. ನಡುವೆ ಓಣಿ ಬಿಟ್ಟು ಎರಡು ಬಿಡಿ ಸೀಟುಗಳಿರುವವೂ ಇವೆ, ಆಗ ಒಟ್ಟು ಆರೇ ಸೀಟು. ನಿಮ್ಮ ಮಗನ ಸೀಟನ್ನೇ ಹೊತ್ತುಕೊಂಡು ಹೋಗಿ, ಕೂರಿಸಿ, ಮಗಳನ್ನು ಮೂರನೇ ಸಾಲಿಗೆ ಕಳಿಸಿ ನೋಡಿ. ಷೋರೂಮಿನವರಿಗೆ ಹತ್ತು ನಿಮಿಷ ತಡವಾದರೂ ಆಗಲಿ. ಕಿಟಕಿಯ ಮೇಲಿನ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಬರುತ್ತದೆಯೇ ಎಂದು ಕೇಳಿ, ಬಾಯಿಮಾತಿಗೆ ಒಪ್ಪದೆ ಕೈಪಿಡಿಯಲ್ಲಿ ತೋರಿಸಲು ಹೇಳಿ. ಮೂರನೇ ಸಾಲು ಬಿಚ್ಚಿದ ಮೇಲೆ ಡಿಕ್ಕಿಯಲ್ಲಿ ಉಳಿಯುವ ಜಾಗವನ್ನೂ ನೋಡಿ. ಏಳು ಜನ ಕೂತರೆ ಏಳು ಜನರ ಬ್ಯಾಗು ಇರುತ್ತದೆ.

ತೂಕದ ಲೆಕ್ಕವನ್ನು ಯಾರೂ ಮಾಡುವುದಿಲ್ಲ, ಮಾಡಿ ತೋರಿಸುತ್ತೇನೆ. ದೊಡ್ಡವರು ನಾಲ್ವರು ತಲಾ 68 ಕೆ.ಜಿ. ಎಂದರೆ 272. ಮಗಳು 28, ನಾದಿನಿಯ ಮಗ 40, ನಿಮ್ಮ ಮಗ ಮತ್ತು ಅವನ ಸೀಟು ಸೇರಿ 24. ಒಟ್ಟು 364. ತಲಾ 10 ಕೆ.ಜಿ. ಬ್ಯಾಗಿಗೆ 70, ಅಲ್ಲಿಗೆ 434. ಮೇಲೆ ಕ್ಯಾರಿಯರ್ ಹಾಕಿ 50 ಕೆ.ಜಿ. ಹೇರಿದರೆ 484. ಗಾಡಿಯ ಗರಿಷ್ಠ ತೂಕದಿಂದ ಖಾಲಿ ತೂಕ ಕಳೆದರೆ ಬರುವುದು ಅದು ಹೊರಬಲ್ಲ ಭಾರ. ಅದು 500 ಕೆ.ಜಿ. ಇದ್ದರೆ ನೀವು ಅಂಚಿನಲ್ಲಿದ್ದೀರಿ, 450 ಇದ್ದರೆ ದಾಟಿದ್ದೀರಿ. ಭಾರ ಹೆಚ್ಚಾದಾಗ ಬ್ರೇಕಿನ ದೂರ ಉದ್ದವಾಗುತ್ತದೆ, ಟೈರು ಬಿಸಿಯಾಗುತ್ತದೆ. ಮಾಳಿಗೆಯ ಮೇಲಿನ ಭಾರವಂತೂ ಗಾಡಿಯ ಗುರುತ್ವ ಕೇಂದ್ರವನ್ನೇ ಮೇಲಕ್ಕೆ ಎತ್ತುತ್ತದೆ, ಎಸ್‌ಯುವಿಯಲ್ಲಿ ಅದು ಮೊದಲೇ ಎತ್ತರ. ಮೇಲೆ ಎಷ್ಟು ಹೇರಬಹುದು ಎಂಬುದು ಕೈಪಿಡಿಯಲ್ಲಿ ಬರೆದಿರುತ್ತದೆ.

ನನ್ನ ಅಭಿಪ್ರಾಯ ಕೇಳುತ್ತೀರಾದರೆ, ತಿಂಗಳಿಗೊಮ್ಮೆ ಬರುವ ಏಳು ಜನರಿಗಾಗಿ ಉಳಿದ ಇಪ್ಪತ್ತೊಂಬತ್ತು ದಿನ ದೊಡ್ಡ ಗಾಡಿಯನ್ನು ನೀವು ಭಯಪಟ್ಟು ಓಡಿಸುವುದು ಬೇಡ. ಹಿಂದಿನ ಸೀಟು ನಿಜಕ್ಕೂ ಅಗಲವಿರುವ ಐದು ಸೀಟಿನ ಎಸ್‌ಯುವಿ ನಿಮಗೆ ಸರಿ. ಉದ್ದ 4.4ರಿಂದ 4.6 ಮೀಟರ್ ಒಳಗೆ ಇರಲಿ. ರಾವ್4ನ 2019ರ ಮಾದರಿ ಸುಮಾರು 4.6 ಮೀಟರ್, ಏಳು ಸೀಟಿನ ವೋಲ್ವೊ ಎಕ್ಸ್‌ಸಿ90 ಸುಮಾರು 4.95. ಈ ಅಂತರ ಕಾಗದದಲ್ಲಿ ಒಂದು ಗೇಣು, ಇಕ್ಕಟ್ಟಿನ ತಿರುವಿನಲ್ಲಿ ಒಂದು ಮೈಲಿ. ಏಳು ಜನರ ದಿನಕ್ಕೆ ನಾದಿನಿಯವರ ಕಾರೋ ಬಾಡಿಗೆ ಗಾಡಿಯೋ ಜೊತೆಗಿರಲಿ. ನಿಮ್ಮ ಕ್ಯಾಲೆಂಡರಿನಲ್ಲಿ ಏಳು ಜನ ವಾರವಾರವೂ ಒಟ್ಟಿಗೆ ಹೋದದ್ದು ಕಂಡರೆ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಆಗಲೂ ಎಸ್‌ಯುವಿ ಎಂದು ಹಟ ಹಿಡಿಯದೆ, ಪಕ್ಕಕ್ಕೆ ಜಾರುವ ಬಾಗಿಲಿನ ಎಂಪಿವಿಯನ್ನೂ (ವ್ಯಾನಿನಂಥ ಕುಟುಂಬದ ಗಾಡಿ) ಅತ್ತೆಯವರಿಂದ ಹತ್ತಿಸಿ ನೋಡಿ. ನೆಲ ತಗ್ಗು, ಬಾಗಿಲು ವಿಶಾಲ, ಮೂರನೇ ಸಾಲಿನಲ್ಲಿ ದೊಡ್ಡವರೂ ಕೂರಬಹುದು.

ಡೀಸೆಲ್ ಬಗ್ಗೆ ನಿಮ್ಮ ಯಜಮಾನರ ಜೊತೆ ನಾನೇ ಮಾತಾಡಿದ ಹಾಗೆ ಹೇಳುತ್ತೇನೆ. ಅಣ್ಣಾ, ನಿಮ್ಮ 10 ವರ್ಷದ ಸೆಡಾನು ಚೆನ್ನಾಗಿಯೇ ಓಡಿರಬಹುದು. ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಲು ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದಕ್ಕೆ ಒಂದೇ ಸಮನೆ, ತಕ್ಕ ವೇಗದಲ್ಲಿ, ಸ್ವಲ್ಪ ಹೊತ್ತು ಓಡಬೇಕು. ದಿನಾ 11 ಕಿ.ಮೀ. ನಿಂತು ನಿಂತು ಹೋದರೆ ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ, ಅದನ್ನು ಕಡೆಗಣಿಸಿದರೆ ಖರ್ಚು ಬೀಳುತ್ತದೆ. ನನ್ನ ಮೇಜಿನ ಮುಂದೆ ಈ ದೂರು ಹೊತ್ತು ಬಂದವರಲ್ಲಿ ಹೆಚ್ಚಿನವರು ನಿಮ್ಮಂತೆ ಹತ್ತಿರದ ಓಡಾಟದವರೇ. ವರ್ಷದಲ್ಲಿ ಮೂರು ನಾಲ್ಕು ದೂರ ಪ್ರಯಾಣಕ್ಕಾಗಿ ಡೀಸೆಲ್ ಬೇಡ.

ಹೈಬ್ರಿಡ್, ಅಂದರೆ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಗಾಡಿ, ಸಿಕ್ಕರೆ ಅದು ನಿಮ್ಮ ಓಡಾಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹಾಳಾಗಿ ಹೋಗುವ ಶಕ್ತಿಯಲ್ಲಿ ಒಂದಷ್ಟನ್ನು ಮೋಟಾರು ಬ್ಯಾಟರಿಗೆ ತುಂಬಿ, ಮತ್ತೆ ಹೊರಡುವಾಗ ಬಳಸುತ್ತದೆ. ಹೀಗಾಗಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವ ಊರಿನೊಳಗೇ ಇದರ ಲಾಭ ಹೆಚ್ಚು. ಸಮನಾಗಿ ಓಡುವ ಹೆದ್ದಾರಿಯಲ್ಲಿ ಲಾಭ ಕಡಿಮೆ. ಟೊಯೊಟಾದ ಪ್ರಿಯಸ್ 1997ರಲ್ಲಿ ಬಂದಾಗಿನಿಂದ ಈ ತಂತ್ರ ಓಡುತ್ತಿದೆ, ಹೊಸದೆಂದು ಹೆದರಬೇಕಿಲ್ಲ. ಹೈಬ್ರಿಡ್ ಎಂದು ಬರೆದಿದ್ದರೂ ಎಂಜಿನಿಗೆ ಸ್ವಲ್ಪ ನೆರವು ಕೊಡುವ ಮೈಲ್ಡ್ ಹೈಬ್ರಿಡ್ ಬೇರೆ, ಮೋಟಾರಿನ ಮೇಲೆಯೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಬೇರೆ. ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಗಾಡಿ ನಿಲ್ಲುವಲ್ಲೇ ಚಾರ್ಜ್ ಮಾಡುವ ವ್ಯವಸ್ಥೆ ಇದ್ದರೆ ಎಲೆಕ್ಟ್ರಿಕ್ ಸಹ ನೋಡಬಹುದು. ಇಲ್ಲದಿದ್ದರೆ ಮಕ್ಕಳನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಚಾರ್ಜಿಂಗ್ ಪಾಯಿಂಟ್ ಹುಡುಕುವ ಕಷ್ಟ ಬೇಡ. ಎರಡೂ ಆಗದಿದ್ದರೆ ಸಾಧಾರಣ ಪೆಟ್ರೋಲ್, ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು.

ಓಡಿಸುವ ಭಯವೆಂದು ಬರೆದಿದ್ದೀರಿ. ಅದನ್ನು ಸಣ್ಣದೆಂದು ಯಾರೂ ತಳ್ಳಿಹಾಕದಿರಲಿ. ನಿಮ್ಮ ಹ್ಯಾಚ್‌ಬ್ಯಾಕ್ 1,000 ಕೆ.ಜಿ. ಆಸುಪಾಸು ಇದ್ದೀತು. ಹೊಸದು 1,700 ಆದರೆ ಅದೇ ವೇಗದಲ್ಲಿ ಅದರಲ್ಲಿರುವ ಚಲನಶಕ್ತಿಯೂ ಅದರ 1.7 ಪಟ್ಟು. ಬ್ರೇಕುಗಳೂ ಅದಕ್ಕೆ ತಕ್ಕಂತೆ ದೊಡ್ಡವಿರುತ್ತವೆ, ಆದರೆ ಎದುರಿಗೆ ಸಿಕ್ಕವರಿಗೆ ಆ ಭಾರ ಭಾರವೇ. ಇದಕ್ಕಿಂತ ನನ್ನನ್ನು ಕಾಡುವುದು ಎತ್ತರದ ಬಾನೆಟ್. ನಿಮ್ಮದು 2 ವರ್ಷದ ಮಗು ಓಡಾಡುವ ಮನೆ. ಟೆಸ್ಟ್ ಡ್ರೈವಿಗೆ ಹೋದಾಗ, ಗಾಡಿ ನಿಂತಿರುವಾಗ, ಮಗನಷ್ಟೇ ಎತ್ತರದ ಒಂದು ವಸ್ತುವನ್ನು, ನೀರಿನ ಕ್ಯಾನಿನ ಮೇಲೆ ಬ್ಯಾಗನ್ನಾದರೂ ಸರಿ, ಬಂಪರಿಗೆ ತಾಗಿಸಿ ಇಡಿಸಿ. ನೀವು ಡ್ರೈವರ್ ಸೀಟಿನಲ್ಲಿ ಕೂತಿರಿ. ಅದನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಸುತ್ತಾ ಹೋಗಲಿ. ಎಷ್ಟನೇ ಹೆಜ್ಜೆಗೆ ಕಂಡಿತೋ ಅಷ್ಟು ದೂರದವರೆಗೆ ನಿಮ್ಮ ಮಗ ನಿಂತಿದ್ದರೂ ನಿಮಗೆ ಕಾಣುವುದಿಲ್ಲ. ಎರಡು ಗಾಡಿಗಳ ನಡುವೆ ಈ ದೂರದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ನೋಡಿದರೆ ನೀವೇ ಬೆಚ್ಚುತ್ತೀರಿ. ಕಡಿಮೆ ದೂರಕ್ಕೇ ಕಾಣುವುದನ್ನು ಆರಿಸಿ. ಹಿಂದಕ್ಕೆ ಕ್ಯಾಮೆರಾ ಇರಲೇಬೇಕು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಮುಂದಕ್ಕೂ ಕ್ಯಾಮೆರಾ ಸಿಕ್ಕರೆ ಸನ್‌ರೂಫ್ ಬಿಟ್ಟು ಅದನ್ನು ತೆಗೆದುಕೊಳ್ಳಿ.

ಸುರಕ್ಷತೆಯಲ್ಲಿ ನಾನು ಬಿಟ್ಟುಕೊಡದ ಇನ್ನೊಂದು, ಇಎಸ್‌ಸಿ. ತಿರುವಿನಲ್ಲಿ ಗಾಡಿ ಜಾರತೊಡಗಿದರೆ ಬೇಕಾದ ಒಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ. ಬಾಷ್ ಮತ್ತು ಮರ್ಸಿಡಿಸ್ ಸೇರಿ 1995ರಲ್ಲಿ ತಂದದ್ದು. 1997ರಲ್ಲಿ ಮರ್ಸಿಡಿಸ್‌ನ ಎತ್ತರದ ಪುಟ್ಟ ಎ-ಕ್ಲಾಸ್ ಕಾರು, ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆಯಲ್ಲಿ ಮಗುಚಿಬಿತ್ತು. ಆಮೇಲೆ ಕಂಪನಿ ಆ ಕಾರಿಗೆಲ್ಲ ಇದನ್ನು ಹಾಕಿತು. ಎತ್ತರದ ಗಾಡಿ ಕೊಳ್ಳುವವರಿಗೆ ಆ ಕಾರಿನ ಕತೆ ನೆನಪಿರಬೇಕು. ನಿಮ್ಮ ಈಗಿನ ಎರಡರಲ್ಲೂ ಇದು ಇಲ್ಲದೇ ಇರಬಹುದು. ಹಳೆಯದನ್ನು ಬದಲಿಸಲು ಅದೊಂದೇ ಕಾರಣ ಸಾಕು. ಡಿಕ್ಕಿ ಪರೀಕ್ಷೆಯ ಸ್ಟಾರ್ ರೇಟಿಂಗ್ ನೋಡುವಾಗ ವರ್ಷವನ್ನೂ ನೋಡಿ. ಪರೀಕ್ಷೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತದೆ, ಹಾಗಾಗಿ ಹತ್ತು ವರ್ಷ ಹಿಂದಿನ ಐದು ಸ್ಟಾರೂ ಇಂದಿನ ಐದು ಸ್ಟಾರೂ ಒಂದಲ್ಲ. ಪರೀಕ್ಷೆಗೆ ಒಳಗಾದ ಗಾಡಿಯಲ್ಲಿದ್ದ ಏರ್‌ಬ್ಯಾಗುಗಳು ನೀವು ಕೊಳ್ಳುವ ವೇರಿಯಂಟಿನಲ್ಲೂ ಇವೆಯೇ ಎಂದು ತಾಳೆ ನೋಡಿ.

ಟೆಸ್ಟ್ ಡ್ರೈವಿಗೆ ಐದೂ ಜನ ಹೋಗಿ. ನೀವು ಓಡಿಸಿ, ನಿಮ್ಮವರು ಹಿಂದೆ ಎರಡು ಮಕ್ಕಳ ಸೀಟಿನ ನಡುವೆ ಕೂರಲಿ. ಅರ್ಧ ಗಂಟೆ ಆದ ಮೇಲೆ ಅವರು ಏನು ಹೇಳುತ್ತಾರೆ ನೋಡಿ. ಗಾಡಿಯನ್ನು ನಿಮ್ಮ ಮನೆಯಲ್ಲಿ ನಿಲ್ಲಿಸುವ ಜಾಗಕ್ಕೇ ತಂದು, ರಿವರ್ಸ್ ಹಾಕಿ, ಅತ್ತೆಯವರ ಕಡೆಯ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದು ನೋಡಿ. ನಾಲ್ಕು ವಾರದ ಕ್ಯಾಲೆಂಡರ್ ಮುಗಿದ ಮೇಲೆ ಮತ್ತೆ ಬರೆಯಿರಿ, ಕೆಂಪು ಗುರುತು ಎಷ್ಟು ಬಂತು ಎಂದು ತಿಳಿಯುವ ಆಸೆ ನನಗಿದೆ.

ಪ್ರಶ್ನೆ: ನಾವೂ ಎರಡು ಹಳೆಯ ಕಾರು ಕೊಟ್ಟು ಎಸ್‌ಯುವಿ ತರುತ್ತಿದ್ದೇವೆ. ಮಳೆಯಲ್ಲಿ ಸುರಕ್ಷಿತ ಎಂದು ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಲು ಮಾರಾಟಗಾರರು ಒತ್ತಾಯಿಸುತ್ತಿದ್ದಾರೆ. ಬೇಕೇ?

ಉತ್ತರ: ನಾಲ್ಕೂ ಚಕ್ರಕ್ಕೆ ಎಳೆತ ಸಿಕ್ಕರೆ ಕೆಸರಿನಿಂದ, ಹಿಮದಿಂದ, ಸಡಿಲ ಏರಿನಿಂದ ಹೊರಡುವುದು ಸುಲಭ. ನಿಲ್ಲುವುದಕ್ಕೆ ಅದರಿಂದ ಏನೂ ನೆರವಿಲ್ಲ. ಬ್ರೇಕ್ ಎಲ್ಲ ಗಾಡಿಯಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ಒದ್ದೆ ರಸ್ತೆಯಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಟೈರಿನ ರಬ್ಬರು ಮತ್ತು ನೀರನ್ನು ಪಕ್ಕಕ್ಕೆ ತಳ್ಳುವ ಅದರ ಗೀರುಗಳು ಮಾತ್ರ. ಡಾಂಬರು ರಸ್ತೆಯಲ್ಲೇ ಓಡಾಟವಿದ್ದರೆ ಎರಡು ಚಕ್ರದ ಎಳೆತ ಸಾಕು, ಗಾಡಿಯ ತೂಕವೂ ಇಂಧನದ ಖರ್ಚೂ ಉಳಿಯುತ್ತದೆ. ಅದರ ಬದಲು ಒಳ್ಳೆಯ ಟೈರಿಗೆ ಹಣ ಹಾಕಿ, ತಿಂಗಳಿಗೊಮ್ಮೆ ಗಾಳಿ ನೋಡಿಸಿ. ಚಕ್ರ ದೊಡ್ಡದಿದ್ದಷ್ಟೂ ಚೆನ್ನ ಎಂಬ ಮಾತಿಗೂ ಮರುಳಾಗಬೇಡಿ. ರಿಮ್ ದೊಡ್ಡದಾಗಿ ಟೈರಿನ ಪಕ್ಕೆ ತೆಳುವಾದರೆ ಗುಂಡಿಯ ಪೆಟ್ಟು ನೇರ ನಿಮ್ಮ ಬೆನ್ನಿಗೆ.

ಪ್ರಶ್ನೆ: ಹೊಸದರ ಬದಲು ಮೂರು ನಾಲ್ಕು ವರ್ಷ ಓಡಿದ ಎಸ್‌ಯುವಿ ನೋಡುತ್ತಿದ್ದೇನೆ. ಮೀಟರ್ ಕಡಿಮೆ ತೋರಿಸುತ್ತಿದೆ. ನಂಬಬಹುದೇ?

ಉತ್ತರ: ಟೈರಿನ ಪಕ್ಕೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಗಾಡಿ ತೀರಾ ಕಡಿಮೆ ಓಡಿದೆ ಎನ್ನುತ್ತಾರೆ, ಆದರೆ ನಾಲ್ಕೂ ಟೈರು ಗಾಡಿಗಿಂತ ಹೊಸವು ಎಂದರೆ, ಮೊದಲಿನವು ಯಾಕೆ ಸವೆದವು ಎಂದು ಕೇಳಿ. ಸ್ಟೆಪ್ನಿಯದನ್ನೂ ಓದಿ, ಅದು ಸಾಮಾನ್ಯವಾಗಿ ಗಾಡಿಯ ಜೊತೆ ಬಂದದ್ದೇ ಇರುತ್ತದೆ. ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ನುಣುಪು, ಡ್ರೈವರ್ ಸೀಟಿನ ಹೊರ ಅಂಚು ಇವು ಮೀಟರಿಗಿಂತ ನಂಬಿಕಸ್ಥ. ಸರ್ವಿಸ್ ದಾಖಲೆಯಲ್ಲಿ ಪ್ರತಿ ಸಲ ಬರೆದ ಕಿ.ಮೀ. ಏರುತ್ತಾ ಬಂದಿದೆಯೇ ನೋಡಿ. ನನ್ನ ಪರಿಚಯದವರೊಬ್ಬರು ಕೊಂಡ ಗಾಡಿಯಲ್ಲಿ ಮೂರನೇ ಸರ್ವಿಸಿನ ಅಂಕಿಗಿಂತ ನಾಲ್ಕನೆಯದರ ಅಂಕಿ ಕಡಿಮೆ ಇತ್ತು. ಹಣ ಕೊಟ್ಟು ಆರು ತಿಂಗಳಾದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ನೀವು ನಿಮ್ಮ ಹಳೆಯ ಕಾರುಗಳನ್ನು ಕೊಡುವಾಗಲೂ ದಾಖಲೆ ಪೂರ್ತಿ ಕೊಡಿ, ಎರಡನೇ ಕೀಲಿಕೈ ಕೊಡಿ. ಮಾಲೀಕತ್ವ ವರ್ಗಾವಣೆ ಆದದ್ದನ್ನು ಕಾಗದದಲ್ಲಿ ಪಡೆದುಕೊಳ್ಳಿ. ಕಾರಿನ ಪರದೆಯಲ್ಲಿ ಉಳಿದಿರುವ ನಿಮ್ಮ ಫೋನ್ ನಂಬರುಗಳನ್ನೂ ಮನೆಯ ವಿಳಾಸವನ್ನೂ ಅಳಿಸಿ, ಆಮೇಲೆ ಕೀಲಿಕೈ ಕೈಗಿಡಿ.